ಇಂಟರ್ವಲ್ ಇಲ್ಲದ ಸಿನಿಮಾ

ಸಿಯಾಮ್ ರೀಪ್, ಕಾಂಬೋಡಿಯಾ
24 ನವೆಂಬರ್ 2024

ವಿರುಪಮ್ಮಳಿಗೆ,

ನಾನು ಇಲ್ಲಿಗೆ ಬಂದು ಹದಿನೆಂಟು ದಿನವಾಯಿತು. ಚೆನ್ನಾಗಿದ್ದೇನೆ. ನೀನು ಫೋನನ್ನು ಟ್ರಂಕಿನ ತಳಕ್ಕೆ ಹಾಕಿ ಎರಡು ವರ್ಷ ದಾಟಿತು. ಅದರ ರಿಂಗ್ ಕೇಳಲಾಗುವುದಿಲ್ಲ ಎನ್ನುತ್ತೀ. ಬೇರೆಯವರ ಫೋನಿಗೆ ಮಾಡಿದರೂ ಬಂದು ಮಾತಾಡುವುದಿಲ್ಲ. ಹಾಗಾಗಿ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಉಳಿ ಸುತ್ತಿಗೆ ಬಿಟ್ಟು ಬೇರೇನೂ ಹಿಡಿಯದ ಕೈ ಈಗ ಪೆನ್ನು ಹಿಡಿದಿದೆ. ಪತ್ರ ಮುಟ್ಟಲು ಎರಡು ಮೂರು ವಾರ ಬೇಕಂತೆ. ತಪ್ಪಿದ್ದರೆ ತಿದ್ದಿಕೊಂಡು ಓದು, ನೀನು ಪಿಯುಸಿ ಪಾಸಾದವಳು.

ನಾವು ರಿಪೇರಿ ಮಾಡುತ್ತಿರುವ ಗುಡಿ ಕಾಡಿನ ನಡುವೆ ಇದೆ. ಮರದ ಬೇರುಗಳು ಗೋಡೆಯೊಳಗೆ ಹೊಕ್ಕು ಕಲ್ಲನ್ನು ಕಿತ್ತು ಹಾಕಿವೆ. ಕಲ್ಲು ನಮ್ಮ ಹಂಪಿಯದರ ಹಾಗಲ್ಲ, ಭಾಳ ಮೆತ್ತಗೆ. ನಮ್ಮ ಕಲ್ಲಿಗೆ ಹತ್ತು ಏಟು ಬೇಕಾದ ಕಡೆ ಇಲ್ಲಿ ಎರಡು ಸಾಕು. ಮೂರನೆಯದು ಹೊಡೆದರೆ ದೇವರ ಮೂಗು ಹೋಗುತ್ತದೆ. ಮೊದಲ ವಾರ ಎಂಜಿನಿಯರ್ ಭಾರ್ಗವ್ ಸರ್ ನನ್ನ ಹಿಂದೆಯೇ ನಿಂತು, "ಜಡೆಪ್ಪ, ಸಾವಕಾಶ, ಇದು ಹಂಪಿ ಅಲ್ಲೋ" ಎನ್ನುತ್ತಿದ್ದರು. ಈಗ ಕೈ ಕಲಿತಿದೆ.

ಈ ಭಾನುವಾರ ಸರ್ ನಮ್ಮನ್ನೆಲ್ಲ ಸಿನಿಮಾಕ್ಕೆ ಕರೆದುಕೊಂಡು ಹೋದರು. ನಾನು ಒಲ್ಲೆ ಎಂದೆ. ನಿನಗೆ ಗೊತ್ತಲ್ಲ, ಎರಡು ವರ್ಷದಿಂದ ಥಿಯೇಟರಿನ ಕಡೆ ತಲೆ ಹಾಕಿಲ್ಲ. ಆದರೆ ಕಂಪ್ಲಿಯ ಪಾಲಯ್ಯ ಬಿಡಬೇಕಲ್ಲ, ತೋಳು ಹಿಡಿದು ಎಳೆದುಕೊಂಡೇ ಹೋದ. ದೊಡ್ಡ ಅಂಗಡಿ ಕಟ್ಟಡದ ಮೇಲಿನ ಮಾಳಿಗೆಯಲ್ಲಿ ಥಿಯೇಟರು. ಮುಕ್ಕಾಲು ಸಾಲು ಖಾಲಿ. ಆದರೂ ಪಾಲಯ್ಯ ರೂಢಿಯಂತೆ ಓಡಿ ಹೋಗಿ ನಡುವಿನ ಸೀಟುಗಳ ಮೇಲೆ ಟವೆಲ್ ಹಾಸಿ ಹಿಡಿದ. ಬ್ಯಾಟರಿ ಹಿಡಿದ ಹುಡುಗಿಯೊಬ್ಬಳು ಬಂದು ಅದನ್ನು ಎರಡು ಬೆರಳಲ್ಲಿ ಎತ್ತಿ, ಮಡಚಿ, ಅವನ ಕೈಗೆ ಕೊಟ್ಟು, ನಮ್ಮ ನಂಬರಿನ ಸೀಟು ತೋರಿಸಿದಳು. ಮಂಡಕ್ಕಿಯಂತಹ ಜೋಳದ ಅರಳು ಕೊಟ್ಟರು, ಬಾಯಿಗೆ ಹಾಕಿದರೆ ಬೆಲ್ಲದ ಪಾಕ. ದೆವ್ವದ ಸಿನಿಮಾ. ಹೀರೊ ಬಂದಾಗ ಪಾಲಯ್ಯ ಸೀಟಿ ಹೊಡೆದ, ಮುಂದಿನವರು ದೆವ್ವ ಹಿಂದೆ ಬಂತೇನೋ ಎಂಬಂತೆ ತಿರುಗಿ ನೋಡಿದರು.

ಇಲ್ಲಿ ಇಂಟರ್ವಲ್ ಎಂಬುದೇ ಇಲ್ಲ. ಒಂದೇ ಸಮನೆ ಓಡಿಸಿ ಮುಗಿಸಿಬಿಡುತ್ತಾರೆ. ಇಂಟರ್ವಲ್‌ನಲ್ಲಿ ಹೋದರಾಯಿತು ಎಂದು ಉಚ್ಚೆ ಕಟ್ಟಿಕೊಂಡು ಕೂತಿದ್ದ ಪಾಲಯ್ಯನ ಪಾಡು ದೇವರಿಗೇ ಪ್ರೀತಿ.

ಸಂಡೂರಿನಲ್ಲಿ ತಂಗಿ ಸಂಗಮ್ಮನ ಮೊಮ್ಮಗಳ ತೊಟ್ಟಿಲ ಕಾರ್ಯ ಇದೆಯಂತೆ. ಹೋಗು. ಮನೆಯೊಳಗೇ ಕೂತರೆ ಮನಸ್ಸು ಕೊಳೆಯುತ್ತದೆ. ನಾನು ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲೂ ನೀನು ಅದನ್ನೇ ಅಂದೆ, "ಆಟೋ ವಾಪಸ್ ಕಳಿಸಿದಾಕಿ ನಾನಾ" ಎಂದು. ಇನ್ನು ಹಾಗೆ ಅನ್ನಬೇಡ. ಆಗ ನಿನಗೆ ಒಂದು ಮಾತು ಹೇಳಬೇಕೆಂದು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಬಸ್ ಬಂತು. ಇನ್ನೊಂದು ಸಲ ಬರೆಯುತ್ತೇನೆ.

ಜಡೆಪ್ಪ


ಕಂಪ್ಲಿ
15 ಡಿಸೆಂಬರ್ 2024

ಸ್ಫೂರ್ತಿಯ ಅಪ್ಪನಿಗೆ,

ಮಲಪನಗುಡಿಯ ಮನೆಗೆ ಬಂದಿದ್ದ ನಿಮ್ಮ ಪತ್ರವನ್ನು ಪೋಸ್ಟ್‌ಮ್ಯಾನ್ ಇಲ್ಲಿಗೆ ಕಳಿಸಿಕೊಟ್ಟ. ನಾಲ್ಕು ದಿನಕ್ಕೆಂದು ತವರಿಗೆ ಬಂದಿದ್ದೇನೆ. ಭತ್ತದ ಕೊಯ್ಲು ಮುಗಿದು ಅಣ್ಣನ ಮಿಲ್ಲಿನಲ್ಲಿ ಕೆಲಸ ಜಾಸ್ತಿ ಇದೆ, ಚೀಲಗಳ ಲೆಕ್ಕ ಬರೆಯಲು ಕೂರುತ್ತೇನೆ.

ಟವೆಲಿನ ವಿಷಯ ಓದಿ ಹೇಳಿದಾಗ ಅವ್ವ ನಕ್ಕಳು. ಪಾಲಯ್ಯನ ಮನೆಯವರಿಗೂ ಹೇಳಿ ಬಂದಳು. ನೀವು ಸಿನಿಮಾ ನೋಡಿದ್ದು ಒಳ್ಳೆಯದಾಯಿತು. ದುಡಿಯುವ ಮನುಷ್ಯನಿಗೆ ಮನರಂಜನೆ ಬೇಕಾಗುತ್ತದೆ.

ತೊಟ್ಟಿಲ ಕಾರ್ಯ ಚೆನ್ನಾಗಿ ಆಯಿತು. ಜನ ಭಾಳ ಬಂದಿದ್ದರು. ಕೂಸು ಕೆಂಪಗೆ, ತಲೆತುಂಬ ಕೂದಲು. ಹೋಳಿಗೆ ಮಾಡಿಸಿದ್ದರು. ಅತ್ತೆ ಆರೋಗ್ಯವಾಗಿದ್ದಾರೆ, ಸದ್ಯ ಸಂಡೂರಿನಲ್ಲೇ ಇರುತ್ತಾರೆ. ನಾನು ಅವತ್ತೇ ಸಂಜೆಯ ಬಸ್ಸಿಗೆ ಹೊರಟು ಬಂದೆ.

ಚಳಿ ಇದ್ದರೆ ಹಸಿರು ಸ್ವೆಟರ್ ಬ್ಯಾಗಿನ ತಳದಲ್ಲಿದೆ.

ವಿರುಪಮ್ಮ


ಸಿಯಾಮ್ ರೀಪ್
5 ಜನವರಿ 2025

ವಿರುಪಮ್ಮಳಿಗೆ,

ನಿನ್ನ ಪತ್ರ ಹೊಸ ವರ್ಷದ ದಿನವೇ ಬಂತು. ಸಿನಿಮಾಕ್ಕೆ ಹೋದದ್ದಕ್ಕೆ ಬೈಯುತ್ತೀ ಎಂದು ಹೆದರಿದ್ದೆ. ಬೈಯಲಿಲ್ಲ. ಮನಸ್ಸು ಹಗುರವಾಯಿತು. ಕಾರ್ಯ ಚೆನ್ನಾಗಿ ಆಯಿತೆಂದು ತಿಳಿದು ಇನ್ನೂ ಹಗುರವಾಯಿತು. ನಿನಗೂ ಮೆಲ್ಲಗೆ ಜನರ ನಡುವೆ ಓಡಾಡುವ ಧೈರ್ಯ ಬರುತ್ತಿದೆ. ಇಲ್ಲಿ ಚಳಿ ಇಲ್ಲ, ಥಿಯೇಟರಿನೊಳಗೆ ಮಾತ್ರ ಇದೆ. ಸ್ವೆಟರ್ ಅಲ್ಲಿಗೇ ಹಾಕಿಕೊಂಡು ಹೋಗುತ್ತೇನೆ.

ಹೌದು, ಮತ್ತೆ ಹೋಗಿದ್ದೆ, ಈ ಸಲ ಒಬ್ಬನೇ. ಒಬ್ಬ ಅಪ್ಪ, ಒಬ್ಬಳು ಮಗಳು, ಒಂದು ಎಮ್ಮೆ, ನೀರು ತುಂಬಿದ ಗದ್ದೆ. ನಮ್ಮ ಕಂಪ್ಲಿ ಕಡೆಯ ಗದ್ದೆ ಎಂದರೂ ನಡೆದೀತು. ಮಾತು ಒಂದೂ ತಿಳಿಯುವುದಿಲ್ಲ. ತಿಳಿಯದಿದ್ದರೆ ಒಂದು ಸುಖ ಇದೆ, ಯಾರು ಏನು ಅನ್ನುತ್ತಾರೆ ಎಂದು ನಾವೇ ಕಟ್ಟಿಕೊಳ್ಳಬಹುದು. ಆ ಮಗಳು "ಅಪ್ಪಾ, ಬರೋ ಭಾನುವಾರ?" ಎಂದು ಕೇಳುತ್ತಿದ್ದಾಳೆ ಎಂದು ನಾನೇ ಕಟ್ಟಿಕೊಂಡೆ.

ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಕೂತಿದ್ದ, ನನ್ನ ವಯಸ್ಸಿನವನು. ಅರ್ಧ ಸಿನಿಮಾದಲ್ಲಿ ಅವನ ಫೋನ್ ಬೆಳಗಿತು. ನೋಡಿದ. ನೋಡಿದವನೇ ಎದ್ದ. ಪಕ್ಕದವರ ಕಾಲು ತುಳಿದುಕೊಂಡು, ಬಗ್ಗಿ, ಹೊರಗೆ ಹೋಗಿಬಿಟ್ಟ. ತಿರುಗಿ ಬರಲಿಲ್ಲ. ಅವನ ಅರಳಿನ ಡಬ್ಬಿ ಸೀಟಿನ ಮೇಲೆಯೇ ಇತ್ತು. ಆಮೇಲೆ ಸಿನಿಮಾದಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ದೀಪ ಹಾಕಿದ ಮೇಲೂ ಕೂತಿದ್ದೆ, ಬ್ಯಾಟರಿ ಹುಡುಗಿ ಬಂದು ಎಬ್ಬಿಸಿದಳು. ನನ್ನ ಮುಖ ಒದ್ದೆಯಾಗಿತ್ತು. ಸಿನಿಮಾ ನೋಡಿ ಅತ್ತೆ ಎಂದುಕೊಂಡಿರಬೇಕು, ಒಂದು ಪೇಪರ್ ಕರ್ಚೀಫು ಕೊಟ್ಟಳು.

ಯಾಕೆ ಬರೆದೆನೋ. ಇರಲಿ ಬಿಡು. ಮಲಪನಗುಡಿಗೆ ಯಾವಾಗ ಹೋಗುತ್ತೀ?

ಜಡೆಪ್ಪ


ಕಂಪ್ಲಿ
26 ಜನವರಿ 2025

ಸ್ಫೂರ್ತಿಯ ಅಪ್ಪನಿಗೆ,

ನಾನು ಮಲಪನಗುಡಿಗೆ ಹೋಗುವುದಿಲ್ಲ. ನಾಲ್ಕು ದಿನಕ್ಕೆ ಬಂದಿದ್ದೇನೆ ಎಂದು ಬರೆದದ್ದು ಸುಳ್ಳು. ಚೆನ್ನಾಗಿ ಆಯಿತು ಎಂದು ಬರೆದದ್ದೂ ಸುಳ್ಳು. ದೂರದಲ್ಲಿದ್ದವರಿಗೆ ಯಾಕೆ ಸಂಕಟ ಎಂದು ಹಾಗೆ ಬರೆದೆ. ನೀವು ಅದನ್ನು ನಂಬಿ ಹಗುರವಾದಿರಿ.

ತೊಟ್ಟಿಲಿಗೆ ಹಾಕುವ ಮುಂಚೆ ಕೂಸನ್ನು ಐದು ಜನ ಮುತ್ತೈದೆಯರು ತೊಟ್ಟಿಲ ಮೇಲಿಂದ, ಕೆಳಗಿಂದ ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ನನ್ನನ್ನೂ ಕರೆದರು. ಸಂಗಮ್ಮನೇ ಕರೆದಳು. ಮೂರನೆಯವಳಾಗಿ ನಿಂತೆ. ಕೈ ಚಾಚಿದ್ದೆ. ಆಗ ನಿಮ್ಮವ್ವ ಎಲ್ಲರ ಮುಂದೆ ಅಂದರು, "ಆಕಿ ಕೈಗೆ ಕೂಸು ಕೊಡಬ್ಯಾಡ್ರೆ. ಬಾಗಲಿಗೆ ಬಂದ ಆಟೋ ವಾಪಸ್ ಕಳಿಸಿದಾಕಿ ಆಕಿ." ಎರಡನೆಯವಳು ನನ್ನ ಬೆನ್ನ ಹಿಂದಿನಿಂದ ಸುತ್ತಿ ಬಂದು ನಾಲ್ಕನೆಯವಳಿಗೆ ಕೂಸು ಕೊಟ್ಟಳು. ಹಾಡು ನಿಲ್ಲಲಿಲ್ಲ. ನಾನು ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತೊಟ್ಟಿಲ ಹಗ್ಗ ಹಿಡಿದುಕೊಂಡೆ.

ಅವರ ಮಾತಿನಲ್ಲಿ ತಪ್ಪೇನಿದೆ? ಸ್ಫೂರ್ತಿಗೆ ಮೂರು ದಿನದ ಜ್ವರ, ಅವತ್ತು ಮಧ್ಯಾಹ್ನದಿಂದ ವಾಂತಿ. ಐದೂ ಕಾಲಿಗೆ ಕೈಕಾಲು ತಣ್ಣಗಾದವು. ಹೊನ್ನೂರಪ್ಪ ಬಾಗಿಲಲ್ಲಿ ಆಟೋ ನಿಲ್ಲಿಸಿ ಮೂರು ಸಲ ಕರೆದ. "ಅಕ್ಕ, ಕೂಸು ಭಾಳ ಸುಸ್ತಾಗ್ಯಾಳ, ಕುಂದ್ರಿ, ಹೊಸಪೇಟಿಗೆ ಬಿಡ್ತೀನಿ." "ಬ್ಯಾಡಪ್ಪ, ಅವರಪ್ಪ ಬಂದ್ರು ಈಗ" ಎಂದು ನಾನೇ ಕಳಿಸಿದೆ. ನಿಮಗೆ ಒಂಬತ್ತು ಸಲ ಫೋನ್ ಮಾಡಿದೆ. ಎತ್ತುತ್ತಿಲ್ಲ ಎಂದರೆ ಗಾಡಿ ಓಡಿಸುತ್ತಿದ್ದಾರೆ, ಹತ್ತಿರ ಬಂದಿದ್ದಾರೆ ಎಂದುಕೊಂಡೆ. ಒಂದೊಂದು ಸಲ ರಿಂಗ್ ಆದಾಗಲೂ ಇನ್ನೂ ಹತ್ತಿರ ಬಂದರು ಎಂದುಕೊಂಡೆ. ಆರೂ ಹತ್ತಕ್ಕೆ ಅವಳನ್ನು ಹೆಗಲಿಗೆ ಹಾಕಿಕೊಂಡು ರೋಡಿಗೆ ಓಡಿ ಬಾಳೆಕಾಯಿ ಟೆಂಪೊ ಹತ್ತಿದೆ. "ಒಂದು ತಾಸು ಮೊದಲು ತಂದಿದ್ರ" ಎಂದರು ಡಾಕ್ಟರು. ಆ ಒಂದು ತಾಸು ನನ್ನದು. ನೀವು ಕಲ್ಲು ಒಡೆಯುವ ಸದ್ದಿನಲ್ಲಿದ್ದಿರಿ, ಕೇಳಲಿಲ್ಲ. ನಿಮ್ಮದೇನು ತಪ್ಪು?

ನೀವು ಸಿನಿಮಾ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ನನಗೆ ಬರೆಯಬೇಡಿ. ಆ ಭಾನುವಾರ ಕರೆದುಕೊಂಡು ಹೋಗುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದಿರಿ. ಜ್ವರದಲ್ಲೂ ಬೆರಳು ಮಡಚಿ ದಿನ ಎಣಿಸುತ್ತಿದ್ದಳು. ಈಗ ಬೇರೆ ದೇಶದಲ್ಲಿ ಯಾರದೋ ಮಗಳನ್ನು ನೋಡಿ ಅತ್ತೆ ಎಂದು ಬರೆದರೆ ನಾನು ಅದನ್ನು ಎಲ್ಲಿಟ್ಟುಕೊಳ್ಳಲಿ?

ವಿರುಪಮ್ಮ


ಸಿಯಾಮ್ ರೀಪ್
16 ಫೆಬ್ರುವರಿ 2025

ವಿರುಪಮ್ಮ,

ನಿನ್ನ ಪತ್ರ ಬಂದು ಐದು ದಿನ. ಮೂರು ಸಲ ಬರೆದು ಹರಿದು ಹಾಕಿದೆ. ಇದು ನಾಲ್ಕನೆಯದು.

ಆ ಶುಕ್ರವಾರ ನಾನು ಕಲ್ಲಿನ ಸದ್ದಿನಲ್ಲಿ ಇರಲಿಲ್ಲ. ನಾಲ್ಕಕ್ಕೇ ಹಂಪಿಯ ಕೆಲಸ ಬಿಟ್ಟಿದ್ದೆ. ನಮ್ಮ ಮನೆಯ ಮುಂದಿನ ರೋಡಿನ ಮೇಲೆಯೇ ಗಾಡಿ ಓಡಿಸಿಕೊಂಡು ಹೊಸಪೇಟೆಗೆ ಹೋದೆ. ಸಿನಿಮಾಕ್ಕೆ ಹೋದೆ. ಅವಳಿಗೆ ಭಾನುವಾರ ತೋರಿಸುತ್ತೇನೆ ಎಂದಿದ್ದೆನಲ್ಲ, ಅದೇ ಸಿನಿಮಾ. ಅವತ್ತು ಬಿಡುಗಡೆ. ನನಗೆ ಭಾನುವಾರದ ತನಕ ತಡೆಯಲಾಗಲಿಲ್ಲ. ಒಂದು ಸಲ ನೋಡಿಬಿಡೋಣ, ಭಾನುವಾರ ಅವಳ ಜೊತೆ ಮತ್ತೆ ಹೋದಾಗ ನೋಡೇ ಇಲ್ಲದವನ ಹಾಗೆ ಕೂತರಾಯಿತು ಎಂದುಕೊಂಡೆ. ಜ್ವರ ಇಳಿಯುತ್ತದೆ ಎಂದೇ ತಿಳಿದಿದ್ದೆ. ಮೂರು ದಿನದ ಜ್ವರ ಯಾವ ಮಕ್ಕಳಿಗೆ ಬರುವುದಿಲ್ಲ?

ಫೋನ್ ಅಂಗಿಯ ಜೇಬಿನಲ್ಲಿ ನಡುಗಿತು. ತೆಗೆದು ನೋಡಿದೆ. 'ಮನೆ' ಎಂದು ಬಂತು. ಗುಳಿಗೆ ತಾ ಎನ್ನುತ್ತೀಯೇನೋ, ಮೊಸರು ತಾ ಎನ್ನುತ್ತೀಯೇನೋ ಎಂದುಕೊಂಡೆ. ಸುತ್ತ ಕೇಕೆ, ಸೀಟಿ, ಏನೂ ಕೇಳುವುದಿಲ್ಲ. ಇಂಟರ್ವಲ್‌ನಲ್ಲಿ ಮಾಡಿದರಾಯಿತು ಅಂದುಕೊಂಡೆ. ಮತ್ತೆ ನಡುಗಿತು. ಇಂಟರ್ವಲ್‌ನಲ್ಲಿ ಮಾಡಿದರಾಯಿತು. ಒಂಬತ್ತು ಸಲವೂ ಅದನ್ನೇ ಅಂದುಕೊಂಡೆ. ಚಿಕ್ಕಂದಿನಿಂದ ನಮ್ಮದು ಅದೇ ಲೆಕ್ಕ, ಏನೇ ಬಂದರೂ ಇಂಟರ್ವಲ್ ತನಕ ತಡೆಯುತ್ತದೆ ಎಂದು. ಇಲ್ಲಿ ಆ ಮನುಷ್ಯ ಫೋನ್ ನೋಡಿದವನೇ ಎದ್ದು ಹೋದನಲ್ಲ, ಇವರಿಗೆ ಕಾಯಲು ಇಂಟರ್ವಲ್ ಇಲ್ಲ, ಏಳಬೇಕೆಂದರೆ ಆಗಲೇ ಏಳಬೇಕು. ಅದನ್ನು ನೋಡಿ ಅತ್ತೆ. ಗದ್ದೆಯ ಮಗಳನ್ನು ನೋಡಿ ಅಲ್ಲ.

ಇಲ್ಲಿಗೇ ಪತ್ರ ನಿಲ್ಲಿಸಬಹುದಿತ್ತು. ಆದರೆ ಇನ್ನೂ ಇದೆ. ಆರೂ ಕಾಲಿಗೆ ಇಂಟರ್ವಲ್ ಬಿಟ್ಟರು. ಹೊರಗೆ ಬಂದು ನಿನಗೆ ಮಾಡಿದೆ. ನೀನು ಎತ್ತಲಿಲ್ಲ. ನೀನು ಆಗ ಟೆಂಪೊದಲ್ಲಿದ್ದೆ, ಫೋನ್ ಮನೆಯ ಹಾಸಿಗೆಯ ಮೇಲಿತ್ತು. ಒಂಬತ್ತು ಸಲ ಮಾಡಿದವಳು ಈಗ ಎತ್ತುತ್ತಿಲ್ಲ ಎಂದರೆ ಏನೋ ಆಗಿದೆ ಎಂದು ಗಂಡಸಾದವನಿಗೆ ತಿಳಿಯಬೇಕಿತ್ತು. ನಾನು ಮಿರ್ಚಿ ತಿಂದೆ. ಚಾ ಕುಡಿದೆ. ಬೆಲ್ ಹೊಡೆಯಿತು, ಒಳಗೆ ಹೋಗಿ ಕೂತೆ. ಪೂರ್ತಿ ನೋಡಿದೆ.

ಹೊರಗೆ ಬಂದಾಗ ಹೊನ್ನೂರಪ್ಪನ ಫೋನ್ ಬಂತು. ದವಾಖಾನೆಗೆ ಓಡಿ ಬಂದೆ. ನೀನು "ಎಲ್ಲಿದ್ರಿ" ಎಂದೆ. "ಕೆಲಸದಾಗ ಇದ್ದೆ, ಕಲ್ಲಿನ ಸದ್ದಿಗೆ ಕೇಳಿಸಲಿಲ್ಲ" ಎಂದೆ. ಆ ಮಾತು ಬಾಯಿಂದ ತಾನಾಗಿಯೇ ಬಂತು. ಆಮೇಲೆ ಮಣ್ಣು ಮಾಡುವುದರೊಳಗೆ ಹೇಳೋಣ ಎಂದುಕೊಂಡೆ, ಹನ್ನೊಂದನೇ ದಿನ ಆಗಲಿ ಎಂದುಕೊಂಡೆ, ವರ್ಷ ಆಗಲಿ ಎಂದುಕೊಂಡೆ. ಯಾರಾದರೂ ಸಿನಿಮಾದ ಮಾತೆತ್ತಿದರೆ ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಎದ್ದು ಹೋಗುತ್ತಿದ್ದೆ. ಅವರೆಲ್ಲ ದುಃಖಕ್ಕೆ ಎಂದುಕೊಂಡರು. ಅವ್ವ ನಿನ್ನನ್ನು ಬೈದಾಗೆಲ್ಲ ನಾನು ಅಲ್ಲೇ ಕೂತಿದ್ದೆ.

ಆ ಒಂದು ತಾಸು ನಿನ್ನದಲ್ಲ, ನನ್ನದು. ನೀನು ಕಾದದ್ದು ತಪ್ಪಲ್ಲ. ಗಂಡ ಬರುತ್ತಾನೆ ಎಂದು ನಂಬಿದ್ದೆ, ಅಷ್ಟೇ.

ಜಡೆಪ್ಪ


ಸಿಯಾಮ್ ರೀಪ್
9 ಮಾರ್ಚ್ 2025

ವಿರುಪಮ್ಮ,

ನನ್ನ ಪತ್ರ ಮುಟ್ಟಿತೋ ಇಲ್ಲವೋ ತಿಳಿಯದು. ದಿನಾ ಪೋಸ್ಟಾಫೀಸಿಗೆ ಹೋಗಿ ಕೇಳುತ್ತೇನೆ. ಅಲ್ಲಿಯ ಹೆಂಗಸು ಈಗ ನನ್ನನ್ನು ದೂರದಲ್ಲಿ ಕಂಡ ಕೂಡಲೇ ಪತ್ರ ಬಂದಿಲ್ಲ ಎಂದು ತಲೆಯಾಡಿಸುತ್ತಾಳೆ. ಬೈದಾದರೂ ಬರೆ. ಎರಡು ಸಾಲು ಸಾಕು.

ಜಡೆಪ್ಪ


ಕಂಪ್ಲಿ
14 ಮಾರ್ಚ್ 2025

ನಿಮ್ಮ ಪತ್ರ ಈ ತಿಂಗಳು ಐದಕ್ಕೆ ಬಂತು. ಮಿಲ್ಲಿನಲ್ಲಿ ಕೂತು ಓದಿದೆ. ಒಂಬತ್ತು ದಿನ ಪೆನ್ನು ಹಿಡಿಯಲು ಆಗಲಿಲ್ಲ.

ಮೊದಲ ಸಲ ಓದಿದಾಗ ಹಗುರವಾಯಿತು. ಸುಳ್ಳು ಹೇಳುವುದಿಲ್ಲ. ಎರಡೂವರೆ ವರ್ಷ ಎದೆಯ ಮೇಲೆ ಕೂತದ್ದು ಎದ್ದು ಹೋಯಿತು. ಮಗಳು ಸತ್ತ ವಿಷಯ ಓದಿ ಹಗುರವಾದೆನಲ್ಲ ಎಂದು ನಾಚಿಕೆಯಾಯಿತು. ಎರಡನೇ ಸಲ ಓದಿದಾಗ ಸಿಟ್ಟು ಬಂತು. ಇಷ್ಟು ಸಿಟ್ಟು ನನ್ನೊಳಗೆ ಇದೆ ಎಂದು ನನಗೇ ಗೊತ್ತಿರಲಿಲ್ಲ. ನಿಮ್ಮ ಹಸಿರು ಸ್ವೆಟರ್ ಹೆಣೆದದ್ದು ನಾನೇ, ಅದನ್ನು ಹಾಕಿಕೊಂಡು ನೀವು ಥಿಯೇಟರಿನಲ್ಲಿ ಕೂತದ್ದು ನೆನೆದು ಅವತ್ತು ಊಟ ಸೇರಲಿಲ್ಲ.

ನೀವು ಸಿನಿಮಾಕ್ಕೆ ಹೋದದ್ದು ನನಗೆ ಅರ್ಥವಾಗುತ್ತದೆ. ನಿಮ್ಮ ಸಿನಿಮಾ ಹುಚ್ಚು ಲಗ್ನಕ್ಕೆ ಮುಂಚೆಯೇ ಗೊತ್ತಿತ್ತು. ಫೋನ್ ಎತ್ತದೆ ಇದ್ದದ್ದೂ ಅರ್ಥವಾಗುತ್ತದೆ, ಮೊಸರು ತಾ ಎಂದು ನಾನು ಎಷ್ಟೋ ಸಲ ಮಾಡಿದ್ದೇನೆ. ಮತ್ತೆ ಒಳಗೆ ಹೋಗಿ ಕೂತದ್ದೂ, ಹಲ್ಲು ಕಚ್ಚಿ ಹೇಳುತ್ತೇನೆ, ಅರ್ಥವಾಗುತ್ತದೆ. ಹನ್ನೊಂದನೇ ದಿನ ಅರ್ಥವಾಗುವುದಿಲ್ಲ. ನಾನು ಎಲ್ಲರ ಮುಂದೆ ಹಣೆ ಚಚ್ಚಿಕೊಂಡು "ನಾನಾ ಕೊಂದೆ" ಎಂದು ಅತ್ತಾಗ ನೀವು ನನ್ನ ಕೈ ಹಿಡಿದು, "ನಿಂದೇನೂ ತಪ್ಪಿಲ್ಲ ಬಿಡಲೇ, ದೈವ" ಎಂದಿರಿ. ಎಂಥ ಗಂಡ ಎಂದು ಹೆಂಗಸರೆಲ್ಲ ಅಂದರು. ನಾನೂ ಅಂದುಕೊಂಡೆ. ಇಷ್ಟು ದಿನ ಅದೊಂದನ್ನೇ ಹಿಡಿದುಕೊಂಡು ಬದುಕಿದೆ, ಊರೆಲ್ಲ ಅಂದರೂ ಇವರು ಅನ್ನಲಿಲ್ಲ ಎಂದು. ನೀವು ಅನ್ನದಿದ್ದದ್ದು ಯಾಕೆ ಎಂದು ಈಗ ತಿಳಿಯಿತು.

ನನ್ನ ಹತ್ತಿರ ತಪ್ಪಾಯಿತು ಅನ್ನಬೇಡಿ, ನೀವು ಅಂದೂ ಇಲ್ಲ. ನಿಮ್ಮವ್ವನಿಗೆ ಹೇಳಿ. ಸಂಗಮ್ಮನಿಗೆ ಹೇಳಿ. ಹೊನ್ನೂರಪ್ಪನಿಗೆ ಹೇಳಿ. ಅವನು ಅವತ್ತು ಕೂಸನ್ನು ಜಬರದಸ್ತಿಯಿಂದ ಎತ್ತಿ ಹಾಕಿಕೊಳ್ಳಬೇಕಿತ್ತು ಎಂದು ಕೊರಗಿ ಇವತ್ತಿಗೂ ನಮ್ಮ ಬಾಗಿಲ ಮುಂದೆ ಆಟೋ ನಿಲ್ಲಿಸುವುದಿಲ್ಲ, ಸುತ್ತಿ ಹೋಗುತ್ತಾನೆ. ನನಗೆ ಪತ್ರದಲ್ಲಿ ಹೇಳುವುದು ಸುಲಭ. ಪತ್ರ ಓದುವಾಗ ನೀವು ಎದುರಿಗೆ ಇರುವುದಿಲ್ಲ. ಅವರಿಗೆ ಬಾಯಿಬಿಟ್ಟು ಹೇಳಿ. ನಾನು ಹೇಳಿದರೆ ಗಂಡನ ಮೇಲೆ ಹಾಕುತ್ತಿದ್ದಾಳೆ ಅನ್ನುತ್ತಾರೆ.

ವಿರುಪಮ್ಮ


ಸಿಯಾಮ್ ರೀಪ್
2 ಏಪ್ರಿಲ್ 2025

ವಿರುಪಮ್ಮ,

ಊರಿಗೆ ಬಂದ ಮೇಲೆ ಹೇಳೋಣ ಎಂದು ಮನಸ್ಸು ಒಂದು ಗಳಿಗೆ ಅಂದಿತು. ಅದನ್ನು ನಾನು ಈಗ ನಂಬುವುದಿಲ್ಲ. ನಿನ್ನ ಪತ್ರ ಓದಿ ಮುಗಿಸಿದವನೇ ಸಂಡೂರಿಗೆ ವಿಡಿಯೋ ಕಾಲ್ ಮಾಡಿದೆ. ಸಂಗಮ್ಮನನ್ನೂ ಅವ್ವನನ್ನೂ ಒಟ್ಟಿಗೆ ಕೂರಿಸಿ ಎಲ್ಲ ಹೇಳಿದೆ. ಮಿರ್ಚಿ ತಿಂದದ್ದನ್ನೂ ಬಿಡಲಿಲ್ಲ.

ಅವ್ವ, "ಮತ್ತ ಆಕಿನ್ನ ಅಷ್ಟು ಅಂದೆನಲ್ಲೋ, ನೀ ಕೇಳಿಸ್ಕೊಂತ ಕುಂತಿದ್ದೆಲ್ಲೋ" ಎಂದಳು. ಹೌದು ಎಂದೆ. ಎದ್ದು ಹೋದಳು. ಸಂಗಮ್ಮ, "ಅಣ್ಣ, ಇನ್ನ ನನಗ ಫೋನ್ ಮಾಡಬ್ಯಾಡ" ಎಂದು ಫೋನ್ ಇಟ್ಟಳು.

ಹೊನ್ನೂರಪ್ಪ ಅರ್ಧ ಕೇಳಿ, "ಪ್ಯಾಸೆಂಜರ್ ಅದಾರ, ಆಮ್ಯಾಲೆ ಮಾಡ್ತೀನಿ" ಎಂದ. ಹತ್ತು ನಿಮಿಷಕ್ಕೆ ಅವನೇ ಮಾಡಿದ. "ತಪ್ಪು ನಂದಾ ಅಂದುಕೊಂಡಿದ್ನಲ್ಲಪ್ಪ" ಎಂದ. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನಾನು ಕೇಳಿರಲಿಲ್ಲ. ಇಲ್ಲಿ ಪಾಲಯ್ಯನಿಗೂ ಹೇಳಿದೆ. ಅವನು ಮಂಚ ಬೇರೆ ರೂಮಿಗೆ ಹಾಕಿಕೊಂಡ. ಅವನಿಗೂ ಒಬ್ಬಳು ಮಗಳಿದ್ದಾಳೆ.

ನಿನ್ನ ಹತ್ತಿರ ಒಂದು ಮಾತು ಕೇಳಬೇಕು. ಮೇ ತಿಂಗಳಲ್ಲಿ ಇಲ್ಲಿ ಮಳೆ ಹಿಡಿಯುತ್ತದೆ, ಕೆಲಸ ನಿಲ್ಲುತ್ತದೆ, ಎಲ್ಲರನ್ನೂ ಊರಿಗೆ ಕಳಿಸುತ್ತಾರೆ. ಒಬ್ಬಿಬ್ಬರು ಬೇಕಾದರೆ ಉಳಿದು ಕಲ್ಲುಗಳಿಗೆ ನಂಬರ್ ಹಾಕುವ ಕೆಲಸ ಮಾಡಬಹುದು, ಇನ್ನೊಂದು ವರ್ಷಕ್ಕೆ ಎನ್ನುತ್ತಾರೆ ಭಾರ್ಗವ್ ಸರ್. ನೀನು ಬಾ ಎಂದರೆ ಮೊದಲ ವಿಮಾನಕ್ಕೆ ಬರುತ್ತೇನೆ. ಬಂದು ಕಂಪ್ಲಿಯ ನಿಮ್ಮ ಜಗಲಿಯ ಮೇಲಾದರೂ ಬಿದ್ದಿರುತ್ತೇನೆ. ನನಗೆ ಬರಬೇಕು ಅನ್ನಿಸುತ್ತದೆ, ವಿರುಪಿ. ಇಲ್ಲಿ ಸ್ಫೂರ್ತಿಯ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಜಡೆಪ್ಪ


ಕಂಪ್ಲಿ
20 ಏಪ್ರಿಲ್ 2025

ಸ್ಫೂರ್ತಿಯ ಅಪ್ಪನಿಗೆ,

ಅತ್ತೆ ಬಂದಿದ್ದರು. ಸಂಡೂರಿನಿಂದ ಒಬ್ಬರೇ ಎರಡು ಬಸ್ ಬದಲಿಸಿಕೊಂಡು ಬಂದು ಹೊರಗಿನ ಕಟ್ಟೆಯ ಮೇಲೆ ಕೂತರು. "ಒಳಗ ಬರ್ರಿ" ಎಂದೆ, ಬರಲಿಲ್ಲ. ನೀರು ಕೊಟ್ಟೆ, ಕುಡಿಯಲಿಲ್ಲ. "ನೀ ಏನರ ಅನ್ನು, ಆಮ್ಯಾಲೆ ಕುಡೀತೀನಿ" ಎಂದರು. ಪಾಪ, ಅವರ ಕಾಲು ಊದಿದ್ದವು. ಆದರೂ ಹೋಗಲಿ ಬಿಡ್ರಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. "ಅತ್ತಿ, ಅವತ್ತು ಅಷ್ಟು ಜನದಾಗ ನನ್ನ ಕೈ ಬರಿದಾತು" ಎಂದೆ. ಅವರು ಅತ್ತರು. ನಾನೂ ಅತ್ತೆ. ಆಮೇಲೆ ನೀರು ಕುಡಿದರು. ನಾಲ್ಕು ದಿನ ಇದ್ದು ಹೋದರು.

ನೀವು ಬಾಯಿಬಿಟ್ಟು ಹೇಳಿದ್ದು ಒಳ್ಳೆಯದಾಯಿತು. ಅದಕ್ಕೆ ನಾನು ಋಣಿ. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ಇಷ್ಟು ದಿನ ಅವಳು ನೆನಪಾದರೆ ಅವಳು ಬರುತ್ತಿರಲಿಲ್ಲ, ಆ ಸಂಜೆ ಬರುತ್ತಿತ್ತು. ಆಟೋ, ಫೋನು, ತಣ್ಣನೆಯ ಕಾಲು. ಹೋದ ವಾರ ಮಿಲ್ಲಿನಲ್ಲಿ ಚೀಲ ಎಣಿಸುತ್ತಿದ್ದಾಗ ಸುಮ್ಮನೆ ಅವಳೇ ಬಂದಳು. ಮಂಚದ ಮೇಲೆ ನಿಂತು ನಿಮ್ಮ ಹಾಗೆ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆಯಲು ಹೋಗಿ, ಬರೀ ಗಾಳಿ ಬಂದು, ಸಿಟ್ಟಿಗೆದ್ದು ಕೂತಿದ್ದಳಲ್ಲ, ಹಾಗೆ. ನಾನು ನಕ್ಕೆ. ಎಣಿಕೆ ತಪ್ಪಿತು, ಮೊದಲಿಂದ ಎಣಿಸಿದೆ.

ಬರಲೇ ಎಂದು ಕೇಳಿದ್ದೀರಿ. ಬಾ ಅನ್ನಲು ನನಗೆ ಈಗ ಆಗುವುದಿಲ್ಲ. ಬರಲೇ ಬೇಡಿ ಅನ್ನಲೂ ಆಗುವುದಿಲ್ಲ, ಅವಳ ಸೀಟಿಯನ್ನು ಕಂಡವರು ನನ್ನನ್ನು ಬಿಟ್ಟರೆ ನೀವೊಬ್ಬರೇ. ಸರ್‌ಗೆ ಹೇಳಿ ಅಲ್ಲೇ ಉಳಿಯಿರಿ. ಬಾ ಅನ್ನಬೇಕು ಅನ್ನಿಸಿದ ದಿನ ಬರೆಯುತ್ತೇನೆ. ಆ ದಿನ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನೀವು ಪೋಸ್ಟಾಫೀಸಿಗೆ ಹೋಗಿ ಕೇಳುತ್ತೀರಿ, ಇವತ್ತಲ್ಲದಿದ್ದರೆ ನಾಳೆ ಬರುತ್ತದೆ ಅಂದುಕೊಳ್ಳುತ್ತೀರಿ, ಹತ್ತಿರ ಬಂದಿದೆ ಅಂದುಕೊಳ್ಳುತ್ತೀರಿ. ಅದು ಹೇಗಿರುತ್ತದೆ ಎಂದು ನನಗೆ ಗೊತ್ತು.

ಆ ಸಂಜೆ ನಾನು ಕಾದೆ. ಈಗ ನೀವು ಕಾಯಿರಿ.

ವಿರುಪಮ್ಮ